ಮುಟ್ಟದೆ ಹಚ್ಚಿದ ಶಾಯಿ

“ಬೆರಳು ಹಿಡೀಬೇಡ ಮಾರಾಯ! ದೂರದಿಂದ ಕಡ್ಡಿಯಲ್ಲಿ ಹಚ್ಚು. ನಿನ್ನ ಅಪ್ಪ ಗಟಾರದೊಳಗೆ ಹಾಕ್ತಿದ್ದ ಕೈಯೇ ಅಲ್ವಾ ಅದು? ಈ ಅಮ್ಮ ಮನೆಗೆ ಹೋಗಿ ನೀನು ಮುಟ್ಟಿದ ಕೈಯಲ್ಲೇ ಅಡುಗೆ ಮಾಡ್ಬೇಕು.”

ಧನರಾಜ್ ಸರ್ ಇದನ್ನು ಕನ್ನಡದಲ್ಲಿ, ನಗುತ್ತಾ ಹೇಳಿದರು. ಮುಂಬೈಯ ದಹಿಸರ್‌ನ ಆ ಶಾಲೆಯ ಕೋಣೆಯಲ್ಲಿ ಮತ ಹಾಕಲು ಸಾಲು ನಿಂತವರಲ್ಲಿ ಹೆಚ್ಚಿನವರಿಗೆ ಕನ್ನಡ ತಿಳಿಯದು. ತಿಳಿದವರು ನಕ್ಕರು. ಮೂಲೆಯ ಬೆಂಚಿನಲ್ಲಿ ಪಕ್ಷದ ಏಜೆಂಟಾಗಿ ಕುಳಿತಿದ್ದ ಸಂದೀಪ ಎಲ್ಲರಿಗಿಂತ ಜೋರಾಗಿ ನಕ್ಕ. ಅವನೂ ನಮ್ಮ ಉಡುಪಿ ಕಡೆಯವನೇ.

ನಾನು ಹಿಡಿದಿದ್ದದ್ದು ಶಿವಕುಮಾರಿ ಅಮ್ಮನ ಎಡಗೈ ತೋರುಬೆರಳು. ಸ್ಟೇಷನ್ ಹತ್ತಿರದ ಹೋಟೆಲ್ ಯಜಮಾನರ ಹೆಂಡತಿ. “ಛೆ ಛೆ, ನನಗೇನಿಲ್ಲಪ್ಪ. ಪಾಪ, ಹುಡುಗ,” ಎಂದರು. ಎನ್ನುತ್ತಲೇ ಬೆರಳನ್ನು ಎಳೆದುಕೊಂಡರು. ಹೊರಗೆ ಹೋಗುವಾಗ ಸೆರಗಿನಲ್ಲಿ ಒರೆಸಿಕೊಂಡದ್ದನ್ನೂ ಕಂಡೆ.

ನಾನು ಪಾಲಿಕೆಯ ಸಫಾಯಿ ಖಾತೆಯವನು. ಚುನಾವಣೆಗೆ ನನ್ನನ್ನು ಕಳಿಸಿದ್ದು ನೀರು ಕೊಡುವುದಕ್ಕೆ, ಪೆಟ್ಟಿಗೆ ಹೊರುವುದಕ್ಕೆ. ಶಾಯಿ ಹಚ್ಚಬೇಕಾಗಿದ್ದ ಗುಮಾಸ್ತ ಬರಲೇ ಇಲ್ಲ. ಮತಗಟ್ಟೆಯ ಮುಖ್ಯಸ್ಥರಾದ ಧನರಾಜ್ ಸರ್, ಫೋರ್ಟ್ ಕಡೆಯ ಯಾವುದೋ ಬ್ಯಾಂಕಿನಲ್ಲಿ ಆಫೀಸರ್, ಬೆಳಿಗ್ಗೆ ನನ್ನನ್ನು ಹಿಂದಿಯಲ್ಲಿ “ಬೇಟಾ” ಎಂದು ಕರೆದು ಆ ಕುರ್ಚಿಯಲ್ಲಿ ಕೂರಿಸಿದರು. ಹೇಗೆ ಹಚ್ಚಬೇಕೆಂದು ಅವರೇ ತೋರಿಸಿಕೊಟ್ಟರು. ಬೆರಳನ್ನು ಹಿಡಿ, ಬಟ್ಟೆಯಿಂದ ಗಟ್ಟಿಯಾಗಿ ಒರೆಸು, ಆಮೇಲೆ ಉಗುರಿನಿಂದ ಚರ್ಮದವರೆಗೆ ಒಂದು ಗೆರೆ ಎಳೆ. ಎಣ್ಣೆ, ಮೇಣ ಹಚ್ಚಿಕೊಂಡು ಬರುವವರಿರುತ್ತಾರೆ, ಒರೆಸದಿದ್ದರೆ ಶಾಯಿ ನಿಲ್ಲುವುದಿಲ್ಲ.

ಬೆಳಗಿನ ಹೊತ್ತು ಚೆನ್ನಾಗಿಯೇ ಇತ್ತು. ಮುದುಕರ ಬೆರಳು, ಮೆಹಂದಿ ಹಚ್ಚಿದ ಬೆರಳು, ಸಿಮೆಂಟಿನಲ್ಲಿ ಒಡೆದ ಬೆರಳು. ಯಾರೂ ಏನೂ ಕೇಳದೆ ನನ್ನ ಮುಂದೆ ಕೈ ಚಾಚಿದರು. ನಾನು ಕಸದ ಗಾಡಿಯ ಹಿಂದೆ ಹೋಗುವಾಗ ಇದೇ ಜನ ಮೂಗು ಮುಚ್ಚಿಕೊಂಡು ಗೋಡೆಗೆ ಅಂಟುತ್ತಾರೆ.

ಕೆಟ್ಟದ್ದು ನನ್ನ ಎದೆಯ ಮೇಲಿದ್ದ ಬಿಲ್ಲೆಯಿಂದ. ಈ ಊರಿನ ಪದ್ಧತಿ ಅದು, ಹೆಸರಿನ ನಡುವೆ ಅಪ್ಪನ ಹೆಸರು ಇರಲೇಬೇಕು. ಶಿವಕುಮಾರಿ ಅಮ್ಮ ಬರುವ ಸ್ವಲ್ಪ ಮೊದಲು ಚಹಾ ಕುಡಿಯುತ್ತಾ ಧನರಾಜ್ ಸರ್ ಅದನ್ನು ಓದಿದರು.

“ಸಂತು ಐತ... ಐತನ ಮಗನಾ? ಹಾಗಾದ್ರೆ ನೀನು ನಮ್ಮ ಊರಿನವ! ಎಲ್ಲಿಯವ?”

“ಕಾರ್ಕಳ ಕಡೆ, ಸರ್.” ಕನ್ನಡ ಕೇಳಿ ನನಗೆ ಖುಷಿಯಾಗಿತ್ತು.

“ಅಪ್ಪ ಎಂತ ಮಾಡ್ತಾನೆ?”

“ಪಾಲಿಕೆಯಲ್ಲೇ, ಸರ್. ಗಟಾರದ ಕೆಲಸ. ಈಗ ಇಲ್ಲ.”

ಅವರ ಮುಖ ಬದಲಾದದ್ದನ್ನು ನೋಡಿದೆ. ಮರಾಠಿಯವರಿಗೆ ಐತ ಎಂದರೆ ಒಂದು ಹೆಸರು, ಅಷ್ಟೆ. ನಮ್ಮ ಕರಾವಳಿಯವರಿಗೆ ಮಾತ್ರ ಅದು ಯಾವ ಕೇರಿಯ ಹೆಸರೆಂದು ಗೊತ್ತು. ಆದಿತ್ಯವಾರ ಹುಟ್ಟಿದವ ಐತ, ಸೋಮವಾರದವ ತೋಮ, ಮಂಗಳವಾರದವ ಅಂಗಾರ. ನಮ್ಮವರಿಗೆ ಹೆಸರು ಹುಡುಕುವ ತೊಂದರೆಗೆ ಯಾರೂ ಹೋಗಲಿಲ್ಲ, ವಾರದ ಹೆಸರೇ ಸಾಕಾಯಿತು. ಆ ಕೇರಿಯನ್ನು ಬಿಟ್ಟು ಅಪ್ಪ ಮುಂಬೈಗೆ ಬಂದ. ಇಲ್ಲಿ ಗಟಾರದೊಳಗಿನ ಗಾಳಿ ಕುಡಿದು ಸತ್ತ. ಕೇರಿ ಮಾತ್ರ ಸಾಯಲಿಲ್ಲ, ನನ್ನ ಬಿಲ್ಲೆಯ ಮೇಲೆ ಬಂದು ಕುಳಿತಿತ್ತು.

ಅಪ್ಪನ ಕೆಲಸ ವಾರಸುದಾರನೆಂದು ನನಗೆ ಸಿಕ್ಕಿತು, ಎಂಟನೆಯಲ್ಲಿ ಶಾಲೆ ಬಿಟ್ಟವನಿಗೆ. ಆದರೆ ಇನ್ನೂ ಕಾಯಂ ಆಗಿಲ್ಲ. ಬರುವ ತಿಂಗಳು ಆಗಬೇಕು. ಅಷ್ಟರಲ್ಲಿ ಒಂದು ಮೆಮೊ ಬಂದರೂ ಕಾಯಂ ಇಲ್ಲ, ಕಾಯಂ ಇಲ್ಲದಿದ್ದರೆ ಪಾಲಿಕೆಯ ಸ್ಟಾಫ್ ಚಾಳಿನ ಖೋಲಿ, ನಮ್ಮ ಒಂಟಿಕೋಣೆಯ ಮನೆ, ಅದೂ ಇಲ್ಲ. ಅವ್ವ ಸೇವಂತಿ ಮದುವೆಯಾಗಿ ಬಂದಾಗಿನಿಂದ ಇರುವುದು ಆ ಒಂದೇ ಖೋಲಿಯಲ್ಲಿ. ಬೆಳಿಗ್ಗೆ ನನ್ನ ಅಂಗಿಗೆ ಇಸ್ತ್ರಿ ಹಾಕುತ್ತಾ ಹೇಳಿದ್ದಳು, “ಯಾರು ಏನು ಹೇಳಿದ್ರೂ ಬಾಯಿ ಮುಚ್ಚಿಕೊಂಡಿರು ಮಗಾ. ಒಂದೇ ಒಂದು ತಿಂಗಳು.”

ಬಾಯಿ ಮುಚ್ಚಿಕೊಂಡೆ. ಬೆರಳು ಹಿಡಿಯುವುದನ್ನು ಬಿಟ್ಟೆ. ಹಿಡಿಯದೆ ಒರೆಸುವುದು ಹೇಗೆ? ಒರೆಸುವುದನ್ನೂ ಬಿಟ್ಟೆ. ತೋಳುದ್ದ ದೂರದಿಂದ ಕಡ್ಡಿ ಚಾಚಿ ಚುಕ್ಕೆ ಇಡುತ್ತಾ ಹೋದೆ. ಗೋಡೆಯ ಹಲ್ಲಿಯನ್ನು ಕೋಲಿನಿಂದ ಚುಚ್ಚುವ ಹಾಗೆ.

ಮಧ್ಯಾಹ್ನದ ಊಟದ ನಂತರ ನೀಲಿ ಟೀಶರ್ಟಿನ ಒಬ್ಬ ಬಂದ. ಮೇಜಿನ ಆ ತುದಿಯಲ್ಲಿ ಹೆಸರು ನೋಡುತ್ತಿದ್ದ ರಾಧಿಕಾ ಟೀಚರ್ ಅವನ ಚೀಟಿ ನೋಡಿ ಮುಂದೆ ಕಳಿಸಿದರು. ನಾನು ಕಡ್ಡಿ ಎತ್ತುವಷ್ಟರಲ್ಲಿ ಸಂದೀಪ ಬೆಂಚಿನಿಂದ ಹಾರಿ ಹಿಂದಿಯಲ್ಲಿ ಕೂಗಿದ.

“ಏ, ರುಕ್! ಇವನು ಊಟಕ್ಕೆ ಸ್ವಲ್ಪ ಮೊದಲು ಬಂದು ಹೋದವನೇ! ಬೇರೆಯವನ ಹೆಸರಲ್ಲಿ ಪುನಃ ಬಂದಿದ್ದಾನೆ!”

“ಕೌನ್ ಬೋಲಾ? ದೇಖ್, ಉಂಗ್ಲಿ ದೇಖ್,” ಎಂದು ಅವನು ಬೆರಳು ಕುಣಿಸಿದ. ಸ್ವಚ್ಛ. ಬಾಗಿಲಲ್ಲಿದ್ದ ಪೊಲೀಸ್ ಆ ಬೆರಳನ್ನು ಉಜ್ಜಿ ನೋಡಿದ. ಉಗುರಿನ ಸುತ್ತ ಮೇಣ ಇನ್ನೂ ಇತ್ತು.

ಕೂಗಾಟ ಕೇಳಿ ವಲಯಾಧಿಕಾರಿಯ ಜೀಪು ಬಂತು. ಅಧಿಕಾರಿ ನಿಂತುಕೊಂಡೇ ಕೇಳಿದ: “ಶಾಯಿ ಕಿಸ್ನೆ ಲಗಾಯಾ?”

ಹಚ್ಚಿದವನು ಇವನೇ ಎಂದು ಧನರಾಜ್ ಸರ್ ನನ್ನ ಕಡೆ ಕೈ ತೋರಿಸಿದರು. ಹಿಂದಿಯಲ್ಲಿ, ಬಹಳ ಬೇಸರದ ದನಿಯಲ್ಲಿ ಹೇಳಿದರು, “ಬೆರಳು ಹಿಡಿದು ಒರೆಸಿ ಹಚ್ಚು ಅಂತ ಬೆಳಿಗ್ಗೆಯೇ ತೋರಿಸಿಕೊಟ್ಟಿದ್ದೆ, ಸಾಹೇಬ್. ಓದು ಬರಹ ಇಲ್ಲದವರನ್ನು ಕಳಿಸಿದರೆ ಇನ್ನೇನಾಗುತ್ತದೆ?”

“ಹಿಡೀಬೇಡ ಅಂತ ಹೇಳಿದ್ದು ನೀವೇ ಸರ್!” ನಾನೂ ಹಿಂದಿಯಲ್ಲೇ ಕೂಗಿ ಎದ್ದು ನಿಂತೆ. “ಎಲ್ಲರ ಎದುರಿಗೆ ಹೇಳಿದ್ರಿ!”

“ಎಲ್ಲರ ಎದುರಿಗೆ ಅಂದರೆ? ಯಾರು ಕೇಳಿದ್ದು?” ಎಂದ ವಲಯಾಧಿಕಾರಿ.

ನಾನು ರಾಧಿಕಾ ಟೀಚರನ್ನು ನೋಡಿದೆ. ಒಳ್ಳೆಯ ಹೆಂಗಸು, ಡಬ್ಬಿಯಿಂದ ನನಗೂ ಒಂದು ಚಪಾತಿ ಕೊಟ್ಟಿದ್ದರು. ಅವರು ಸಂಕಟಪಡುತ್ತಲೇ ಹೇಳಿದರು, “ಏನೋ ಅಂದರು, ಎಲ್ಲ ನಕ್ಕರು. ಏನು ಅಂದರೋ ಗೊತ್ತಿಲ್ಲ. ಮಲಾ ಕನ್ನಡ ಯೇತ್ ನಾಹಿ, ದಾದಾ.”

ಅವರಿಗೆ ಕನ್ನಡ ಬಾರದು, ಅದು ನಿಜ. ಕನ್ನಡ ಬರುತ್ತಿದ್ದದ್ದು ಸಂದೀಪನಿಗೆ.

“ಸಂದೀಪಣ್ಣ, ನೀವು ಹೇಳಿ. ಕೇಳಿ ನಕ್ಕಿದ್ದೀರಿ ನೀವು.”

ಅವನು ಧನರಾಜ್ ಸರ್ ಮುಖ ನೋಡಿದ. ಆಮೇಲೆ ಕೈಯಲ್ಲಿದ್ದ ಮತದಾರರ ಪಟ್ಟಿ ನೋಡಿದ. “ನಾನು ಪಾರ್ಟಿ ಕೆಲಸದಲ್ಲಿದ್ದೆ ಮಾರಾಯ. ನನಗೆ ಎಂತದೂ ಕೇಳ್ಲಿಲ್ಲ. ಸುಮ್ನೆ ಊರಿನವರ ಹೆಸರು ಯಾಕೆ ಹಾಳು ಮಾಡ್ತಿ?”

ವಲಯಾಧಿಕಾರಿ ನನ್ನ ಬಿಲ್ಲೆ ನೋಡಿ ಹೆಸರು ಬರೆದುಕೊಂಡ. ಅಪ್ಪನ ಹೆಸರನ್ನೂ ಸೇರಿಸಿ. ಉಳಿದ ಹೊತ್ತು ಶಾಯಿ ಹಚ್ಚಲು ರಾಧಿಕಾ ಟೀಚರ್ ಕುಳಿತರು. ನಾನು ನೀರು ಕೊಟ್ಟೆ. ಸಾಲಿನಲ್ಲಿದ್ದ ಕೆಲವರು ನೀರು ಬೇಡವೆಂದರು. ಬಾಯಾರಿಕೆ ಇರಲಿಲ್ಲವೋ, ಕನ್ನಡದವರೋ, ಕೇಳಲು ಹೋಗಲಿಲ್ಲ.

ಸಂಜೆ ಮತದಾನ ಮುಗಿದು ಯಂತ್ರಕ್ಕೆ ಮೊಹರು ಬಿತ್ತು. ಪೆಟ್ಟಿಗೆಗಳನ್ನು ಒಯ್ಯುವ ಬಸ್ಸು ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿತ್ತು. ಎಲ್ಲರೂ ಹೊರಗೆ ಹೋದ ಮೇಲೆ ಧನರಾಜ್ ಸರ್ ನನ್ನ ಹತ್ತಿರ ಬಂದರು. ಮಕ್ಕಳು ಕೂರುವ ಗಿಡ್ಡ ಬೆಂಚಿನ ಮೇಲೆ ಒಂದು ಬಿಳಿ ಕಾಗದ ಇಟ್ಟರು. ಪೆನ್ನನ್ನು ನನ್ನ ಕೈಗೆ ಕೊಡಲಿಲ್ಲ. ಕಾಗದದ ಪಕ್ಕ ಇಟ್ಟು ಎರಡು ಬೆರಳಿನಿಂದ ನನ್ನ ಕಡೆಗೆ ಸರಿಸಿದರು.

“ಬೇಜಾರು ಮಾಡ್ಬೇಡ ಸಂತು. ಬಾಯಿತಪ್ಪಿ ಏನೋ ತಮಾಷೆ ಮಾಡಿದೆ. ನನಗೂ ಪ್ರಮೋಷನ್ ಉಂಟು ಈ ವರ್ಷ. ‘ಮುಖ್ಯಸ್ಥರು ಸರಿಯಾಗಿ ಹೇಳಿಕೊಟ್ಟಿದ್ದರು, ನಾನೇ ಉದಾಸೀನ ಮಾಡಿದೆ, ಕ್ಷಮಿಸಿ’ ಅಂತ ಎರಡು ಗೆರೆ ಬರೆದು ಸೈನ್ ಹಾಕು. ವಲಯದ ಸಾಹೇಬರ ಹತ್ರ ನಾನು ಮಾತಾಡ್ತೇನೆ. ಮೆಮೊ ಆಗದ ಹಾಗೆ ನೋಡುವ.”

ನೋಡುವ. ನೋಡೋಣ ಎಂದಷ್ಟೇ, ನೋಡುತ್ತೇನೆ ಎಂದೂ ಅಲ್ಲ. ಸೈನ್ ಹಾಕಿದರೆ ಮೆಮೊಗೆ ನನ್ನದೇ ಕೈಬರಹದ ಸಾಕ್ಷಿ ಸಿಗುತ್ತದೆ. ಹಾಕದಿದ್ದರೂ ಮೆಮೊ. ಪೆಟ್ಟಿಗೆ ಒಪ್ಪಿಸುವ ಮೊದಲೇ ಡ್ಯೂಟಿ ಬಿಟ್ಟು ಹೋದರೆ ಅದಕ್ಕೆ ಇನ್ನೊಂದು.

“ಬರಿ ಮಾರಾಯ, ಬಸ್ಸು ಕಾಯ್ತಾ ಉಂಟು. ಆ ಪೆಟ್ಟಿಗೆಯನ್ನೂ ಎತ್ತಿ ಇಡ್ಬೇಕಲ್ಲ ನೀನು. ಎಂತ, ಕೇಳ್ತಾ ಉಂಟಾ?”

ಖೋಲಿಯ ಬಾಗಿಲಲ್ಲಿ ಕಾಯುತ್ತಿರುವ ಅವ್ವನ ನೆನಪಾಯಿತು. ಪೆನ್ನಿನ ಕಡೆಗೆ ಕೈ ಹೋಯಿತು ಕೂಡ. ನನ್ನ ಕೈ ಹತ್ತಿರ ಬರುತ್ತಿದ್ದಂತೆ ಅವರು ತಮ್ಮ ಕೈಯನ್ನು ಬೆಂಚಿನಿಂದ ಹಿಂದಕ್ಕೆ ತೆಗೆದುಕೊಂಡರು.

ನಾನು ಪೆನ್ನು ಮುಟ್ಟದೆ, ಎದೆಯ ಬಿಲ್ಲೆಯನ್ನು ಕಿತ್ತು ಆ ಖಾಲಿ ಕಾಗದದ ಮೇಲೆ ಇಟ್ಟೆ.

“ಸಂತು! ಏ ಸಂತು, ಹೋದ್ರೆ ನಿನ್ನ ಕೆಲಸ ಹೋಗ್ತದೆ, ಗೊತ್ತುಂಟಾ? ಏ!”

ಬಸ್ಸಿನ ಪಕ್ಕದಿಂದ ಹಾದು ಗೇಟು ದಾಟಿ, ಸ್ಟೇಷನ್ ಕಡೆಯ ರಸ್ತೆಗೆ ಇಳಿದೆ.