ಡಿಕ್ಕಿಯ ಮೇಲೆ ಒಂದು ಏಟು

ಪ್ರತಿ ವರ್ಷ ಕಾರನ್ನು ತಪಾಸಣೆಗೆ ಒಯ್ಯುವ ಮುನ್ನ ಅಂಗಳದಲ್ಲಿ ನಾನು ಬ್ರೇಕ್ ಒತ್ತುತ್ತಿದ್ದೆ, ಹೆಂಡತಿ ಹಿಲ್ಕಾ ಹಿಂದೆ ನಿಂತು ನೋಡುತ್ತಿದ್ದಳು. ದೀಪಗಳು ಉರಿದರೆ ಡಿಕ್ಕಿಯ ಮೇಲೆ ಒಂದು ಏಟು, ಇಲ್ಲದಿದ್ದರೆ ಎರಡು. ಫಿನ್‌ಲೆಂಡಿನ ನಮ್ಮೂರು ಔಲುವಿನ ಚಳಿಯಲ್ಲಿ ಬಾಯಿ ತೆರೆಯುವುದು ದಂಡ ಎನ್ನುತ್ತಿದ್ದಳು. ಮಾರ್ಚಿನಲ್ಲಿ ಅವಳು ತೀರಿಕೊಂಡಳು. ಏಪ್ರಿಲಿನಲ್ಲಿ ಒಬ್ಬನೇ ಹೋದೆ.

“ಎಡಗಡೆ ಬ್ರೇಕ್ ಲೈಟ್ ಉರೀತಿಲ್ಲ ಯಜಮಾನ್ರೇ,” ಎಂದಳು ತಪಾಸಣೆ ಮಾಡುವವಳು. “ಬರೋ ಮುಂಚೆ ಯಾರ್ನಾದ್ರೂ ಹಿಂದೆ ನಿಲ್ಲಿಸಿ ನೋಡ್ಬಾರ್ದಿತ್ತಾ?”

“ಯಾರ್ನ? ಹಿಮದ ಗೊಂಬೇನಾ?”

ಅವಳು ನಗಲಿಲ್ಲ, ನಾನೂ ನಗಲಿಲ್ಲ. ಹೊರಗೆ ಬಲ್ಬು ಬದಲಿಸಿ, ಕಾರನ್ನು ಮತ್ತೆ ಒಳಗೆ ತಂದು ಬ್ರೇಕ್ ಒತ್ತಿದೆ.

ಅವಳು ಡಿಕ್ಕಿಯ ಮೇಲೆ ಒಂದು ಏಟು ಹಾಕಿದಳು. “ಪಾಸಾಯ್ತು, ಹೊರಡಿ.”

ನನ್ನ ಕಾಲು ಬ್ರೇಕಿನ ಮೇಲಿಂದ ಏಳಲಿಲ್ಲ.