ಕಿರುಬೆರಳಿನಿಂದ

ಸುಟ್ಟ ಬಜೆಯ ವಾಸನೆ ಎಂದರೆ ನನಗೆ ಅಜ್ಜಿಯ ಮಡಿಲು. ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ ಯಾವ ಕೂಸು ಹುಟ್ಟಿದರೂ ಅವಳು ಬಜೆಯ ಬೇರನ್ನು ದೀಪದ ಕುಡಿಗೆ ಹಿಡಿದು ಕರಿ ಮಾಡಿ, ಕಲ್ಲಿನ ಮೇಲೆ ತೇಯ್ದು, ಅದರ ನಾಲಿಗೆಗೆ ಸೋಕಿಸುತ್ತಿದ್ದಳು. ಮಾತು ಬೇಗ ಬರಲಿ, ಸ್ಪಷ್ಟವಾಗಿ ಬರಲಿ ಎಂದು. ಖಾರವೂ ಸಿಹಿಯೂ ಕಲೆತ, ಮೂಗಿಗೆ ಹತ್ತಿದರೆ ಬೇಗ ಬಿಡದ ವಾಸನೆ ಅದು. ನರ್ಸಿಂಗ್ ಓದಿ ಮಕ್ಕಳ ವಾರ್ಡಿಗೆ ಸೇರಿದ ಮೇಲೆ, ಎಳೆ ಕೂಸಿಗೆ ಇದನ್ನೆಲ್ಲ ಕೊಡಬೇಡಿ ಎಂದು ತಾಯಂದಿರಿಗೆ ಹೇಳುತ್ತಲೇ ಬಂದೆ. ಆದರೂ ಆ ವಾಸನೆ ಬಂದರೆ, ಹತ್ತಿರದಲ್ಲೆಲ್ಲೋ ಮಾತು ಕಲಿಯುತ್ತಿರುವ ಮಗುವಿದೆ ಎಂದು ಈಗಲೂ ಅನ್ನಿಸುತ್ತದೆ.

ಹರದನಹಳ್ಳಿಯ ಆ ಮನೆಯ ಹೊಸ್ತಿಲು ದಾಟಿದಾಗ ಬಂದದ್ದು ಅದೇ ವಾಸನೆ.

ನಾನು ನಿವೃತ್ತಳಾಗಿ ಕೆಲವು ವರ್ಷಗಳಾಗಿದ್ದವು. ನಡೆ ನುಡಿ ತಡವಾದ ಮಕ್ಕಳ ಮನೆಗೆ ಹೋಗಿ ನೋಡಿ ಬರಲು ಚಾಮರಾಜನಗರದ ಮಕ್ಕಳ ಡಾಕ್ಟರೊಬ್ಬರು ಆಗಾಗ ನನ್ನನ್ನು ಕಳಿಸುತ್ತಿದ್ದರು. "ಎರಡೂವರೆ ವರ್ಷದ ಹುಡುಗ. ಕಿವಿ ಚೆನ್ನಾಗಿದೆ. ಒಂದು ಮಾತಿಲ್ಲ, ತಾಯಿಯ ಮುಖವನ್ನೂ ನೋಡುವುದಿಲ್ಲ. ಮನೆಯಲ್ಲಿ ಹೇಗಿರುತ್ತಾನೆ ನೋಡಿ ಬನ್ನಿ" ಎಂದಿದ್ದರು.

ಹುಡುಗನ ಅಜ್ಜಿ ಚಿಕ್ಕಮಾದಮ್ಮ ಜಗುಲಿಯಲ್ಲೇ ಸಿಕ್ಕರು. ನನ್ನ ಚೀಲದಿಂದ ಇಣುಕುತ್ತಿದ್ದ ಗಿಲಕಿಯನ್ನು ನೋಡಿ ನಕ್ಕರು.

"ಅಲ್ಲ ಸಿಸ್ಟರಮ್ಮ, ಈ ವಯಸ್ಸಲ್ಲಿ ಗಿಲಕಿ ಇಟ್ಕಂಡು ಊರೂರು ತಿರುಗ್ತಿದ್ದೀರಲ್ಲ, ಮಕ್ಕಳ ಆಡ್ಸಕಾ, ನೀವೇ ಆಡಕಾ?"

"ಎರಡಕ್ಕೂ" ಎಂದೆ.

ನಾನು ಒಳಗೆ ಹೋಗಿ ತಿರುಗಿ ನೋಡುವಷ್ಟರಲ್ಲಿ, ಬಿಸಿಲಲ್ಲಿ ಬಿಟ್ಟಿದ್ದ ನನ್ನ ಚಪ್ಪಲಿಗಳನ್ನು ಅವರು ನೆರಳಿಗೆ ಸರಿಸುತ್ತಿದ್ದರು.

ಮನೆಯಲ್ಲಿ ಒಂದಿಷ್ಟೂ ಸದ್ದಿರಲಿಲ್ಲ. ಮಗುವಿರುವ ಮನೆಯಲ್ಲಿ ಅಂಥ ಮೌನವನ್ನು ನಾನು ಕಂಡಿರಲಿಲ್ಲ. ತಾಯಿ ಪ್ರಿಯಾಂಕ ಗೋಡೆಗೊರಗಿ ಅವರೆಕಾಯಿ ಸುಲಿಯುತ್ತಿದ್ದಳು. ಹುಡುಗ ನಮಗೆಲ್ಲ ಬೆನ್ನು ಹಾಕಿ, ಹಿತ್ತಿಲ ಬಾಗಿಲಿಗೆ ಮುಖ ಮಾಡಿ ಕೂತಿದ್ದ.

ಡಾಕ್ಟರ ಚೀಟಿಯಲ್ಲಿದ್ದ ಹೆಸರು ಹಿಡಿದು "ಮಾದೇಶಾ" ಎಂದು ಕರೆದೆ. ಅಲುಗಲಿಲ್ಲ. ಸ್ಟೀಲ್ ಮುಚ್ಚಳವೊಂದನ್ನು ನೆಲಕ್ಕೆ ಬಿಟ್ಟೆ. ತಟ್ಟನೆ ತಿರುಗಿದ.

"ಇವನನ್ನು ಮನೆಯಲ್ಲಿ ಏನಂತ ಕರೆಯುತ್ತೀರಿ?"

ಪ್ರಿಯಾಂಕ ಅತ್ತೆಯ ಮುಖ ನೋಡಿದಳು.

"ಕರೆಯಕಿಲ್ಲ ಕಣವ್ವ" ಎಂದರು ಚಿಕ್ಕಮಾದಮ್ಮ, ದನಿ ತಗ್ಗಿಸಿ. "ಇವನ್ಗಿಂತ ಮುಂದಾಗಿ ಒಂದು ಎಣ್ಕೂಸಿತ್ತು. ನಾಗಮಣಿ ಅಂತ. ಬಾಯಂದ್ರೆ ಬಾಯಿ, ರೋಡಲ್ಲಿ ಓಗೋ ಬಸ್ಸನ್ನೂ ಮಾತಾಡ್ಸೋಳು. ಊರೆಲ್ಲ ಮಣಿ ಮಣಿ ಅಂತ ಕರೆಯೋರು. ನಾಕು ತುಂಬಕ್ಕೆ ಮುಂಚೇನೇ ಜರ ಬಂದು ಓಗ್ಬುಡ್ತು. ಕರ್ದು ಕರ್ದೇ ಕಳ್ಕಂಡೊ. ಅದ್ಕೇ ಇವನ್ಗೆ ಮೂರು ತುಂಬೋಗಂಟ ಯಾರೂ ಕರೆಯದೂ ಬ್ಯಾಡ, ಮಾತಾಡ್ಸದೂ ಬ್ಯಾಡ ಅಂದ್ಬುಟ್ಟೆ. ಈ ಮನೇಲಿ ಕೂಸದ ಅಂತ ಯಾವ್ದ್ಕೂ ಗೊತ್ತಾಗ್ಬಾರ್ದು."

ಹೇಳುತ್ತಲೇ ಅವರು ಹುಡುಗನ ಕಾಲಿಗೆ ಅಂಟಿದ್ದ ಮಣ್ಣನ್ನು ಸೆರಗಿನಿಂದ ಒರೆಸುತ್ತಿದ್ದರು. ಅವನ ಹೊದಿಕೆ ಬಿಸಿಲಿಗೆ ಹಾಕುವುದು, ಎಣ್ಣೆ ತಿಕ್ಕುವುದು, ನೀರು ಹುಯ್ಯುವುದು, ಎಲ್ಲ ಅವರದೇ ಕೈ. ಬಾಯಿ ಮಾತ್ರ ಬಿಗಿದ ಬಾಯಿ.

"ಬಜೆ ತೇಯ್ದು ಹಾಕುತ್ತೀರಾ?" ಎಂದು ಕೇಳಿದೆ.

"ಅದು ಮಾತು ಬರ್ಲಿ ಅಂತ ಆಕದಲ್ವಾ? ಮಣಿ ಓದ್ಮೇಲೆ ಈ ಮನೆಗೆ ಬಜೆ ತಂದೇ ಇಲ್ಲ."

ನಾನು ಬಗ್ಗಿ ಹುಡುಗನ ಪಕ್ಕದಲ್ಲಿ ಕೂತೆ. ವಾಸನೆ ಬರುತ್ತಿದ್ದದ್ದು ಅವನ ಉಸಿರಿನಿಂದ.

ಅಷ್ಟರಲ್ಲಿ ಅವನು ಬಾಗಿಲಿನ ಕಡೆ ನೋಡುತ್ತ "ಅದ್ದೆ, ದ್ದೆ" ಎಂದ. ಸುಮ್ಮನಾದ. ತಲೆ ಓರೆ ಮಾಡಿ ಕೇಳಿಸಿಕೊಂಡ. ನಕ್ಕು ಮತ್ತೆ ಏನೋ ಅಂದ, ಮತ್ತೆ ಕಾದ.

ಮಾತಿಗಿಂತ ಮೊದಲು ಮಕ್ಕಳಿಗೆ ಸರದಿ ಬರುತ್ತದೆ. ತಾಯಿ ಏನೋ ಅನ್ನುತ್ತಾಳೆ, ಮಗು ಕಾದು ತಾನೊಂದು ಸದ್ದು ಮಾಡುತ್ತದೆ, ಮತ್ತೆ ತಾಯಿಗಾಗಿ ಕಾಯುತ್ತದೆ. ಇದನ್ನು ಯಾವ ಮಗುವೂ ಒಂಟಿಯಾಗಿ ಕಲಿಯುವುದಿಲ್ಲ. ಮಾತಾಡಿಸುವವರೇ ಇಲ್ಲದ ಮಕ್ಕಳು ಮೆಲ್ಲಮೆಲ್ಲಗೆ ಸದ್ದು ಮಾಡುವುದನ್ನೇ ಬಿಟ್ಟುಬಿಡುತ್ತಾರೆ. ಇವನು ಬಿಟ್ಟಿರಲಿಲ್ಲ. ಇವನನ್ನು ಯಾರೋ ದಿನವೂ ಮಾತಾಡಿಸುತ್ತಿದ್ದರು. ಅವನ ಕಣ್ಣು ನೆಟ್ಟಿದ್ದದ್ದು ನಮ್ಮ ಎತ್ತರಕ್ಕಲ್ಲ, ತನಗಿಂತ ಒಂದು ಗೇಣು ಮೇಲಕ್ಕೆ.

ಆಮೇಲೆ ಅವನು ಬಲಗೈ ಚಾಚಿ ಅಂಗೈ ಬಿಚ್ಚಿದ. ಎಡಗೈ ತೊಡೆಯ ಕೆಳಗಿತ್ತು. ಬಲಗೈಯ ಕಿರುಬೆರಳು ನಿಧಾನವಾಗಿ ಮಡಿಚಿಕೊಂಡಿತು. ಆಮೇಲೆ ಉಂಗುರದ ಬೆರಳು, ನಡುಬೆರಳು. ಮಡಿಚಿದ್ದು ಯಾರೋ ಒತ್ತಿ ಹಿಡಿದಂತೆ ಅಲ್ಲೇ ನಿಲ್ಲುತ್ತಿತ್ತು.

ಆ ವಯಸ್ಸಿನ ಮಗು ಮುಷ್ಟಿ ಕಟ್ಟಬಲ್ಲದು, ಒಂದು ಬೆರಳು ಚಾಚಿ ತೋರಿಸಬಲ್ಲದು. ಹೀಗೆ ಒಂದೊಂದನ್ನೇ ಬಿಡಿಸಿ ಮಡಿಚಲು ಅದರ ಕೈಗೆ ಇನ್ನೂ ಬರುವುದಿಲ್ಲ. ಬೇರೆಯವರು ಮಡಿಚಬೇಕು.

ಹೆಬ್ಬೆರಳೂ ಮಡಿಚಿದ ಮೇಲೆ ಅವನ ತೋಳಿನ ಮೆತ್ತನೆಯ ಚರ್ಮದಲ್ಲಿ ಸಣ್ಣ ಗುಳಿಗಳು ಬಿದ್ದು, ಮಾಯವಾಗಿ, ಮತ್ತೆ ಸ್ವಲ್ಪ ಮೇಲೆ ಬಿದ್ದವು. ಕಂಕುಳು ಮುಟ್ಟುತ್ತಲೇ ಅವನು ಕಚಗುಳಿಗೆ ಮೈ ಹಿಂಡಿಕೊಂಡು ಕಿಲಕಿಲ ನಕ್ಕ.

"ನಿಮ್ಗೂ ಕಾಣ್ತಾ?" ಪ್ರಿಯಾಂಕ ಪಿಸುಗುಟ್ಟಿದಳು. ಅವರೆಕಾಯಿ ಮೊರ ಅವಳ ಮಡಿಲಿನಿಂದ ಜಾರಿತ್ತು. "ಬೆರಳಿಗೊಂದು ತುತ್ತು ಹಂಚೋ ಆಟ. ಎಲ್ರೂ ಹೆಬ್ಬೆರಳಿಂದ ಸುರು ಮಾಡ್ತರೆ. ನಮ್ ಮಣಿ ಮಾತ್ರ ಕಿರುಬೆರಳಿಂದ. ಚಿಕ್ಕೋರ್ಗೆ ಮೊದ್ಲು ಕೊಡ್ಬೇಕು ಕಣವ್ವ ಅನ್ನೋಳು."

ನಾನು ಜಾರಿದ ಮೊರವನ್ನು ಎತ್ತಿ ಪಕ್ಕಕ್ಕಿಟ್ಟೆ.

"ನನ್ ಬುಟ್ಟು ಅವ್ಳ ತಾವ್ಕೇ ಓಯ್ತನೆ ಸಿಸ್ಟರಮ್ಮ. ನಾನು ಯಾರು ಅಂತ್ಲೇ ಇವನ್ಗೆ ಗೊತ್ತಿಲ್ಲ."

"ನೀನು ಮಾತಾಡಿಸು. ನಿನ್ನ ಕಡೆ ತಿರುಗುತ್ತಾನೆ."

"ಮಾತಾಡ್ಸುದ್ರೆ ಇವನೂ ಓಗ್ಬುಟ್ರೆ?"

ಅವಳ ಕೈ ಹಿಡಿದುಕೊಂಡೆ. ಮತ್ತೆ ನೋಡಿದರೆ ಹುಡುಗನ ಜಾಗ ಖಾಲಿ. ಹಿತ್ತಿಲ ಬಾಗಿಲು ತೆರೆದಿತ್ತು.

ಮೂವರೂ ಬಾಗಿಲಿಗೆ ಬಂದೆವು. ಹಿತ್ತಿಲಿನಾಚೆ ಅರಿಸಿನದ ಹೊಲ, ಅದರ ತುದಿಗೆ ಪಕ್ಕದ ಮನೆ ಲಿಂಗಯ್ಯನ ಕೃಷಿ ಹೊಂಡ. ಒಳಗೆಲ್ಲ ಕರಿ ಪ್ಲಾಸ್ಟಿಕ್ ಹಾಳೆ ಹಾಸಿದ್ದು, ಜಾರಿದರೆ ದೊಡ್ಡವರೂ ಹತ್ತಿ ಬರಲಾರದ ಹೊಂಡ. ಮಳೆಗೆ ತುಂಬಿತ್ತು. ಹುಡುಗ ಆಗಲೇ ಅದರ ಏರಿಯ ಮೇಲೆ ನಿಂತಿದ್ದ. ಅವನ ಬಲಗೈ ಮೇಲಕ್ಕೆ ಎತ್ತಿಕೊಂಡಿತ್ತು, ತನಗಿಂತ ತುಸು ಎತ್ತರದವರ ಕೈ ಹಿಡಿದಂತೆ.

"ಮೊನ್ನೇನೂ ಇಂಗೇ ಓಗಿದ್ದ" ಎಂದರು ಚಿಕ್ಕಮಾದಮ್ಮ. "ದಾರೀಲೇ ಎತ್ಕಂಡು ಬಂದಿದ್ದೆ."

ಪ್ರಿಯಾಂಕ ಓಡಲು ಹೊರಟಳು. ನಾನು ಅವಳ ತೋಳು ಗಟ್ಟಿಯಾಗಿ ಹಿಡಿದೆ. "ಓಡಬೇಡ. ಈ ವಯಸ್ಸಿನವರು ಹಿಂದೆ ಓಡಿದರೆ ಆಟ ಅಂದುಕೊಂಡು ಮುಂದಕ್ಕೆ ಓಡುತ್ತಾರೆ. ಕರೆ."

"ಮಾದೇಶಾ!" ಎಂದಳು. ಹುಡುಗ ತಿರುಗಲಿಲ್ಲ. ಎಂದೂ ಕೇಳದ ಹೆಸರಿಗೆ ಅವನು ತಿರುಗುವುದಾದರೂ ಹೇಗೆ? ಒಂದು ಪಾದ ಹಾಳೆಯ ಮೇಲೆ ಇಟ್ಟ. ಹಾಳೆ ಚರಚರ ಎಂದಿತು.

ಪ್ರಿಯಾಂಕ ಉಸಿರೆಳೆದುಕೊಂಡಳು. ಈ ಸಲ ಅವಳ ದನಿ ಬೇರೆಯಾಗಿತ್ತು. ಬೀದಿಯಲ್ಲಿ ಆಡುವ ಮಗಳನ್ನು ಸಂಜೆ ಕರೆಯುವ ದನಿ.

"ಮಣೀ... ಲೇ ಮಣೀ... ಅಲ್ಲೀಗ ಹೊಂಗೆ ಮರ ಇಲ್ಲ ಕಣವ್ವ. ನೀನು ಅಡಿಗೆ ಆಟ ಆಡ್ತಿದ್ದ ಮರನ ಕಡ್ದಾಕವ್ರೆ. ನೀನು ಓದ್ಮೇಲೆ ಹೊಂಡ ತೋಡವ್ರೆ, ನಿಂಗೊತ್ತಿಲ್ಲ. ಇಂದಕ್ ಬಾ ನನ್ನವ್ವ. ತಮ್ಮನ್ನೂ ಕರ್ಕಂಡು ಬಾ. ಉಣ್ಣೋ ಒತ್ತಾಯ್ತು."

ಅರಿಸಿನದ ಎಲೆಗಳ ಸದ್ದು ನಿಂತಿತು. ಎತ್ತಿದ್ದ ಆ ಪುಟ್ಟ ತೋಳು ಬಿಗಿಯಾಯಿತು, ಯಾರೋ ಗಾಬರಿಯಿಂದ ಜಗ್ಗಿದಂತೆ. ಹುಡುಗ ಹಾಳೆಯಿಂದ ಹಿಂದಕ್ಕೆ ಬಂದ. ತಿರುಗಿದ. ಸಾಲುಗಳ ನಡುವೆ, ಕೈ ಎತ್ತಿಕೊಂಡೇ, ಅವಸರವಿಲ್ಲದೆ ನಮ್ಮ ಕಡೆ ನಡೆದು ಬಂದ. ಬಾಗಿಲಲ್ಲಿ ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಅವನಿಗೆ ಬೇಕಾಗುವುದಕ್ಕಿಂತ ಹೆಚ್ಚೇ ಬಿಟ್ಟೆ. ನನ್ನ ಸೀರೆಯ ಅಂಚನ್ನು ಏನೋ ಸವರಿಕೊಂಡು ಹೋಯಿತು.

ಒಳಗೆ ಪ್ರಿಯಾಂಕ ನೆಲಕ್ಕೆ ಕುಸಿದು ಅವನನ್ನು ಎಳೆದುಕೊಂಡಳು. "ಮಾದೇಶ. ನನ್ ಕೂಸು. ನಾನು ನಿಮ್ಮವ್ವ ಕಣ್ಲಾ. ಮಾದೇಶ." ನಿಲ್ಲಿಸದೆ ಹೇಳುತ್ತಲೇ ಇದ್ದಳು. ಹುಡುಗ ಬೆರಗಾಗಿ ಅವಳ ಬಾಯನ್ನು ನೋಡಿದ. ಬೆರಳಿಂದ ತುಟಿ ಮುಟ್ಟಿದ. ಆಮೇಲೆ ಕಣ್ಣೆತ್ತಿ ಅವಳ ಮುಖ ನೋಡಿದ.

ಚಿಕ್ಕಮಾದಮ್ಮ ಬೇಡ ಅನ್ನಲಿಲ್ಲ. ಅಡಿಗೆಮನೆಗೆ ಹೋಗಿ, ಮೆತ್ತಗಿನ ಅನ್ನಕ್ಕೆ ಉಪ್ಸಾರು ಕಲೆಸಿ ತಂದು ಸೊಸೆಯ ಕೈಗೆ ಕೊಟ್ಟರು. ಮತ್ತೆ ಒಳಗೆ ಹೋದರು. ಈ ಸಲ ತಂದದ್ದು ಇನ್ನೊಂದು ಸಣ್ಣ ತಟ್ಟೆ. ಅದರಲ್ಲೂ ಅನ್ನ ಅಷ್ಟೇ ಮೆತ್ತಗೆ ನುರಿದಿತ್ತು. ಹುಡುಗನ ಪಕ್ಕದ ಖಾಲಿ ಜಾಗದ ಮುಂದೆ ಅವರು ಕಷ್ಟಪಟ್ಟು ಮಂಡಿಯೂರಿದರು. ತಟ್ಟೆಯನ್ನು ಎರಡೂ ಕೈಯಲ್ಲಿ ಮುಂದಕ್ಕೆ ಹಿಡಿದರು. ಕೈಗಳ ಮೇಲಿನ ಭಾರ ಇಳಿಯುವವರೆಗೂ ಕಾದು, ಬರಿದಾದ ಕೈಗಳನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು.