ಏಳನೇ ಟ್ಯೂಬಿನ ರಕ್ತ

ಯಂತ್ರ ಕೆಟ್ಟಿದೆ ಎಂದೇ ಲೋಸಲೀನ್ ಮೊದಲು ಅಂದುಕೊಂಡಳು. ಆರೋಗ್ಯವಂತರ ಸಾಲಿನಲ್ಲಿದ್ದ ಏಳನೇ ಟ್ಯೂಬಿನ ಅಂಕಿ ಕಾಯಿಲೆಯವರೆಲ್ಲರದನ್ನೂ ಮೀರಿಸಿ ಮೇಲೆ ಕೂತಿತ್ತು.

ದ್ವೀಪದ ಪಟ್ಟಣ ನುಕುಅಲೋಫಾದ ಆ ಸಣ್ಣ ಲ್ಯಾಬಿನಲ್ಲಿ ಅವಳು ಇಪ್ಪತ್ತೆರಡು ವರ್ಷದಿಂದ ಊರವರ ರಕ್ತ ನೋಡುತ್ತಿದ್ದಳು. ಈ ಪರೀಕ್ಷೆ ಮಾತ್ರ ಹೊಸದು. ನರ ಹಾಳಾಗುವಾಗ ಅದರ ಚೂರುಗಳು ರಕ್ತಕ್ಕೆ ಸೋರುತ್ತವೆ. ಅವನ್ನು ಅಳೆದರೆ ಸಕ್ಕರೆ ಕಾಯಿಲೆಯವರ ಕಾಲಿಗೆ ಬರುವ ಕೇಡು ಹುಣ್ಣಾಗುವ ಮೊದಲೇ ತಿಳಿದೀತೇ ಎಂದು ಡಾಕ್ಟರ್ ಅಮನಾಕಿ ಹುಡುಕುತ್ತಿದ್ದ. ಲೋಸಲೀನಳ ಅಣ್ಣನ ಎರಡೂ ಕಾಲು ಆ ಕಾಯಿಲೆಗೇ ಹೋಗಿದ್ದವು. ಮೊದಲು ಹೆಬ್ಬೆರಳು, ಆಮೇಲೆ ಪಾದ, ಆಮೇಲೆ ಮಂಡಿಯ ತನಕ. ಅದಕ್ಕೇ ಅವಳು ಈ ಕೆಲಸಕ್ಕೆ ಸೊಂಟ ಕಟ್ಟಿ ನಿಂತಿದ್ದಳು.

ಹೋಲಿಸಿ ನೋಡಲು ಐವತ್ತು ದಾಟಿದ, ಸಕ್ಕರೆ ಇಲ್ಲದ ಏಳು ಜನ ಬೇಕಿತ್ತು. ಆರು ಜನರನ್ನು ಹುಡುಕುವಷ್ಟರಲ್ಲಿ ಅವಳಿಗೆ ಸಾಕುಸಾಕಾಯಿತು. ಏಳನೆಯವನನ್ನು ಮನೆಯಿಂದಲೇ ಎಳೆದುತಂದಳು. ಗಂಡ ಸೆಮಿಸಿ ಐವತ್ತಾರಾದರೂ ಒಂದು ಗಾಡಿ ಗೆಣಸನ್ನು ಒಬ್ಬನೇ ಇಳಿಸುವ ಆಳು. ಅದುವರೆಗೆ ಆಸ್ಪತ್ರೆಯ ಮೆಟ್ಟಿಲು ತುಳಿದವನಲ್ಲ.

"ಇಪ್ಪತ್ತೆಂಟು ವರ್ಷ ಹೀರಿದ್ದು ಸಾಲ್ದು ಅಂತ ಈಗ ಸೂಜಿ ಬೇರೆ ತಂದ್ಯಾ?" ಎಂದಿದ್ದ ಅವನು ತೋಳು ಚಾಚುತ್ತಾ.

"ಬಾಯ್ಮುಚ್ಕೊಂಡು ಕೂತ್ಕೋ. ಊರಲ್ಲಿ ನೆಟ್ಟಗಿರೋ ಗಂಡಸು ನೀನೊಬ್ನೇ ಸಿಕ್ಕಿದ್ದು."

ಅವನು ನಕ್ಕಿದ್ದ, ಅವಳೂ ನಕ್ಕಿದ್ದಳು.

ಈಗ ಎರಡನೇ ಸಲ ಹಾಕಿದಳು, ಅದೇ ಅಂಕಿ. ಮೂರನೇ ಸಲ ಹಾಕಿದಳು. ಅದೇ.

ಅಮನಾಕಿ ಬಂದು ನೋಡಿದ. ಅವಳ ಮಗನ ವಯಸ್ಸಿನವನು, ಮಾತು ಮೆದು. "ಇದೊಂದನ್ನೇ ಹಿಡ್ಕೊಂಡು ಗಾಬರಿ ಆಗೋದು ಬೇಡಮ್ಮ. ಬೇರೆ ಕಾರಣಕ್ಕೂ ಇದು ಏರುತ್ತೆ. ಇವರ ಸಕ್ಕರೆ ಎಷ್ಟಿತ್ತು?"

"ನೋಡಿಲ್ಲ."

"ಫಾರಂನಲ್ಲಿ ಸರಿಯಾಗಿದೆ ಅಂತ ಬರೆದಿದೆಯಲ್ಲ?"

"ನಾನೇ ಬರೆದಿದ್ದು. ನೋಡದೇ ಬರೆದೆ. ಅದು ನನ್ನ ಗಂಡಂದು."

ಅಮನಾಕಿ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ದಿನಾ ಬೇಯಿಸಿ ಹಾಕುವವಳು ನಾನು, ನನಗೆ ಗೊತ್ತಿಲ್ಲವೇ ಎಂಬ ಸೊಕ್ಕು ಅವಳದು. ಫ್ರಿಜ್ಜಿನಲ್ಲಿ ಉಳಿದಿದ್ದ ರಕ್ತದಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ ನೋಡಿದರು. ಆರರೊಳಗೆ ಇರಬೇಕಾದ್ದು ಹನ್ನೆರಡೂವರೆ ಇತ್ತು.

"ಇವತ್ತೇ ಕರ್ಕೊಂಡು ಬನ್ನಿ. ಮೊದಲು ಪಾದ ನೋಡೋಣ," ಎಂದ ಅಮನಾಕಿ.

ಅವಳು ಬಿರಬಿರನೆ ಮನೆಗೆ ನಡೆದಳು. ಎರಡು ವರ್ಷದಿಂದ ಸೆಮಿಸಿ ಕಾಲು ಜೋಮು, ಕಾಲು ಜೋಮು ಎನ್ನುತ್ತಲೇ ಇದ್ದ. ಅಮಲೇರಿಸುವ ಬೇರಿನ ಪಾನೀಯ ಕಾವಾದ ಬಟ್ಟಲಿನ ಸುತ್ತ ಚಕ್ಕಳಮಕ್ಕಳ ಹಾಕಿ ನಾಲ್ಕು ಗಂಟೆ ಕೂತು ಕುಡಿಯುವವರಿಗೆ ಜೋಮು ಹಿಡಿಯದೆ ಇನ್ನೇನಾದೀತು? ಸುತ್ತ ಕೂತವರೆಲ್ಲ ಹಾಗೆಯೇ ನಗುತ್ತಿದ್ದರು. ಎದ್ದು ನಿಲ್ಲಲಾಗದೆ ತೂರಾಡುವ ಅವನನ್ನು ನೋಡಿ ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ಅಣ್ಣನ ಕಾಲಿಗೆ ಬಟ್ಟೆ ಸುತ್ತಿದ ಇದೇ ಕೈಯಿಂದ ಗಂಡನ ಪಾದವನ್ನು ಒಂದು ದಿನವೂ ಮುಟ್ಟಿ ನೋಡಿರಲಿಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಸೆಮಿಸಿ ಬೆಳಗ್ಗಿನಿಂದ ಅಡುಗೆಮನೆಯ ಮಾಡಿನ ತಗಡು ಬಿಚ್ಚಿ ಹೊಸದು ಹೊದಿಸುತ್ತಿದ್ದ. ಅವಳು ಬಂದಾಗ ಮೆಟ್ಟಿಲ ಮೇಲೆ ಕೂತು ಎಳನೀರು ಕುಡಿಯುತ್ತಿದ್ದ.

"ಏನೇ, ಇಷ್ಟು ಬೇಗ ಬಂದೆ? ಕೆಲಸದಿಂದ ತೆಗೆದ್ರಾ?"

"ಚಪ್ಪಲಿ ಬಿಡು. ಕಾಲು ನೋಡ್ಬೇಕು."

"ಮದುವೆ ದಿನ ನೋಡಿದ್ಯಲ್ಲ, ಅದೇ ಕಾಲು."

"ಸೆಮಿಸಿ, ಬಿಡು ಅಂದೆ."

ಅವಳ ದನಿ ಕೇಳಿ ಅವನು ಎಡಗಾಲಿನ ರಬ್ಬರ್ ಚಪ್ಪಲಿ ಜಾಡಿಸಿದ. ಅದು ಕಳಚಿ ದೂರ ಬಿತ್ತು. ಬಲಗಾಲನ್ನೂ ಜಾಡಿಸಿದ. ಆ ಚಪ್ಪಲಿ ಬೀಳಲಿಲ್ಲ. ಇನ್ನೊಮ್ಮೆ ಜೋರಾಗಿ ಒದರಿದ.

"ಮಧ್ಯಾಹ್ನದಿಂದ ಹಿಂಗೇ ಅಂಟ್ಕೊಂಡಿದೆ. ಟಾರು ಮೆತ್ತಿರ್ಬೇಕು," ಎಂದ. "ಎಳಿ ನೋಡೋಣ. ನಿನಗೆ ಎಳೆಯೋದು ಚೆನ್ನಾಗಿ ಬರುತ್ತಲ್ಲ."

ಅವಳು ಕೆಳಗೆ ಕೂತು ಅವನ ಪಾದವನ್ನು ತೊಡೆಯ ಮೇಲಿಟ್ಟುಕೊಂಡಳು. ಚಪ್ಪಲಿಯ ಅಡಿಯಲ್ಲಿ, ಹಿಮ್ಮಡಿಗಿಂತ ಸ್ವಲ್ಪ ಮುಂದೆ, ತಗಡಿಗೆ ಹೊಡೆಯುವ ಮೊಳೆಯ ಅಗಲವಾದ ತಲೆ ಕಾಣಿಸಿತು. ರಬ್ಬರಿನೊಳಗೆ ಪೂರ್ತಿ ಇಳಿದು, ಮಟ್ಟಸವಾಗಿ ಕೂತಿತ್ತು. ಪಾದಕ್ಕೂ ಚಪ್ಪಲಿಗೂ ನಡುವೆ ರಕ್ತ ಹೆಪ್ಪುಗಟ್ಟಿ ಕಪ್ಪಾಗಿತ್ತು. ಇದರ ಮೇಲೆ ಅವನು ಏಣಿ ಹತ್ತಿದ್ದ, ಇಳಿದಿದ್ದ, ಮಧ್ಯಾಹ್ನವಿಡೀ ಓಡಾಡಿದ್ದ.

ಲೋಸಲೀನ್ ಚಪ್ಪಲಿಯನ್ನು ಎರಡೂ ಕೈಯಲ್ಲಿ ಹಿಡಿದು ಒಂದೇ ಸಲಕ್ಕೆ ಕಿತ್ತಳು. ಚಪ್ಪಲಿಯ ಜೊತೆಗೆ ಮೊಳೆಯೂ ಬಂತು, ಹೆಬ್ಬೆರಳಿನ ಅರ್ಧದಷ್ಟು ಉದ್ದ. ರಕ್ತ ಅವಳ ಮಡಿಲಿಗೆ ಹರಿಯತೊಡಗಿತು.

ಸೆಮಿಸಿ ತಲೆ ಹಿಂದಕ್ಕೆ ಚೆಲ್ಲಿ ಎಳನೀರಿನ ಕೊನೆಯ ಗುಟುಕು ಹೀರುತ್ತಿದ್ದ. ಬುರುಡೆ ಕೆಳಗಿಟ್ಟು ಬಾಯಿ ಒರೆಸಿಕೊಂಡ.

"ಇನ್ನೂ ಯಾಕೆ ಸುಮ್ನೆ ಕೂತಿದ್ದೀಯೇ?" ಎಂದ. "ಎಳಿ."